ಮಂಗಳೂರಿಂದ ದಾವಣಗೆರೆಗೆ ವರ್ಗ: ಒಂದೇ ಬೀರುವಿನಲ್ಲಿ ಹಿಡಿಸೋ ಬಟ್ಟೆ ಹೇಗೆ ಆರಿಸೋದು?

ಪ್ರಶ್ನೆ: ಘಟ್ಟದಕೆಳಗೆ

ಜೂನ್‌ಗೆ ಮಂಗಳೂರಿಂದ ದಾವಣಗೆರೆಗೆ ಬರ್ತಿದ್ದೇವೆ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡೋದು, ಯಜಮಾನರದು ಬ್ಯಾಂಕ್ ಕೆಲಸ. ವಿದ್ಯಾನಗರದ ಕಡೆ ಬಾಡಿಗೆ ಮನೆ, ಇಬ್ಬರಿಗೂ ಸೇರಿ ಒಂದೇ ಬೀರು. ಅದರಲ್ಲಿ ಹಿಡಿಸುವಷ್ಟೇ ಬಟ್ಟೆ ಇರಬೇಕು ಅಂತ ತೀರ್ಮಾನ ಮಾಡಿದ್ದೇವೆ. ತಲಾ ಮೂವತ್ತರ ಆಸುಪಾಸು, ಒಂದಕ್ಕೊಂದು ಹೊಂದುವಂಥವು. ಕ್ಯಾಪ್ಸೂಲ್ ವಾರ್ಡ್‌ರೋಬ್ ಅಂತಾರಲ್ಲ, ಅದೇ. ಆದರೆ ನೆಟ್‌ನಲ್ಲಿ ಸಿಗೋ ಪಟ್ಟಿಗಳಲ್ಲಿ ಉದ್ದನೆ ಕೋಟು, ಬೂಟು, ಕಪ್ಪು ಜೀನ್ಸ್ ಇವೇ ತುಂಬಿವೆ. ಸೀರೆ, ಪಂಚೆ, ಮದುವೆ ಮನೆ ಯಾವುದೂ ಇಲ್ಲ.

ಸದ್ಯ ನಮ್ಮಲ್ಲಿ ಇರೋದು ಬಹುಪಾಲು ರೇಯಾನ್, ಕ್ರೇಪ್, ಪಾಲಿಯೆಸ್ಟರ್ ಮಿಶ್ರಣ. ಬೇಗ ಒಣಗುತ್ತೆ ಅಂತ ತಗೊಂಡಿದ್ದು. ಯಾವ ಬಟ್ಟೆ, ಯಾವ ಬಣ್ಣ, ಎಷ್ಟು, ಫಂಕ್ಷನ್ನುಗಳಿಗೆ ಏನು? ಇಬ್ಬರೂ ಓಡಾಡೋದು ಸ್ಕೂಟರಿನಲ್ಲಿ.

ಉತ್ತರ: ಖಾಲಿದೋಸೆ

ಮೇಡಂ, ಮಂಗಳೂರಲ್ಲಿ ಬಟ್ಟೆ ಆರಿಸೋದು ‘ಒಣಗುತ್ತೋ ಇಲ್ಲವೋ’ ಅನ್ನೋ ಲೆಕ್ಕದಲ್ಲಿ. ಇಲ್ಲಿ ಆ ಚಿಂತೆ ಇಲ್ಲ. ಅಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಆದರೆ ಇಲ್ಲಿ 600 ಚಿಲ್ಲರೆ. ಏಪ್ರಿಲ್‌ನಲ್ಲಿ ಹತ್ತಿ ಕುರ್ತಾ ಮಾಳಿಗೆ ಮೇಲೆ ಹಾಕಿದರೆ ಎರಡು ತಾಸಿಗೆ ಗರಿಗರಿ. ಹಾಗಾಗಿ ನಿಮ್ಮ ಪಾಲಿಯೆಸ್ಟರ್ ಬಟ್ಟೆಗಳ ಒಂದೇ ಗುಣ ಇಲ್ಲಿ ಕೆಲಸಕ್ಕೆ ಬರಲ್ಲ, ಅವಗುಣ ಮಾತ್ರ ಉಳಿಯುತ್ತೆ.

ಕಾರಣ ಇಷ್ಟೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇ 8.5ರಷ್ಟು ತೇವ ಹಿಡಿಯುತ್ತೆ, ರೇಯಾನ್ ಶೇ 11ರಿಂದ 13, ಪಾಲಿಯೆಸ್ಟರ್ ಬರೀ ಶೇ 0.4. ಮಾರ್ಚ್‌ನಿಂದ ಮೇ ತನಕ ಇಲ್ಲಿ 37–39 ಡಿಗ್ರಿ ಮಾಮೂಲಿ, ಆದರೆ ಒಣ ಬಿಸಿಲು. ಹತ್ತಿ ಬೆವರನ್ನ ಹೀರಿ ಗಾಳಿಗೆ ಬಿಟ್ಟರೆ ಮೈ ತಣ್ಣಗಾಗುತ್ತೆ. ಪಾಲಿಯೆಸ್ಟರ್ ಆದರೆ ಬೆವರು ಚರ್ಮದ ಮೇಲೇ ನಿಲ್ಲುತ್ತೆ. ಕರಾವಳಿಯಲ್ಲಿ ಏನು ಉಟ್ಟರೂ ಬೆವರು ಆರಲ್ಲ, ಅದಕ್ಕೇ ಅಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ.

ರೇಯಾನ್ ಬೇಸಿಗೆಗೆ ತಂಪೇ, ಎಸೆಯಬೇಡಿ. ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತೆ. ಹಿಂಡಿದರೆ ಹೊಲಿಗೆ ಹತ್ತಿರ ಪಿಸಿಯುತ್ತೆ. ಹಿಂಡದೆ ನೀರು ಇಳಿಯೋಕೆ ಬಿಡಿ. ಅಂಗಡಿಯವರು ‘ಪ್ಯೂರ್ ಕಾಟನ್’ ಅಂದಿದ್ದು ಹೌದಾ ಅಂತ ನೋಡೋಕೆ ಅಂಚಿನಿಂದ ಒಂದು ದಾರ ಎಳೆದು ಸುಡಿ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರೋ ಬೂದಿ ಆದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಸೇರಿದೆ. ಹತ್ತಿಯೋ ರೇಯಾನೋ ಅನ್ನೋ ಅನುಮಾನ ಬಂದರೆ ಇನ್ನೊಂದು ದಾರವನ್ನ ನಡುವೆ ಎಂಜಲು ಹಚ್ಚಿ ಎಳೆಯಿರಿ. ಒದ್ದೆಯಾದ ಜಾಗದಲ್ಲೇ ಪಟ್ಟನೆ ಕಿತ್ತರೆ ರೇಯಾನ್.

ಈಗ ಸಂಖ್ಯೆ. ತಲಾ ಮೂವತ್ತು ಅಂತ ಮೊದಲೇ ಗೆರೆ ಎಳೆದುಕೊಂಡು ಕೂರಬೇಡಿ. ನಿಮ್ಮ ಬೀದಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೋರ್ ಇದೆಯಾ ಅಂತ ಮನೆ ಮಾಲೀಕರನ್ನ ಕೇಳಿ. ಒಗೆತದ ಅಂತರದ ಮೇಲೆ ಎಲ್ಲ ನಿಂತಿರೋದು. ನಾಲ್ಕು ದಿನಕ್ಕೊಮ್ಮೆ ಒಗೆಯೋದಾದರೆ ನಾಲ್ಕು ಜೊತೆ, ಇಸ್ತ್ರಿಯವರ ಹತ್ತಿರ ಒಂದೆರಡು, ಆಪತ್ತಿಗೆ ಒಂದು: ಒಟ್ಟು ಏಳು. ಬೇಸಿಗೆಯಲ್ಲಿ ಮೇಲಿನ ಬಟ್ಟೆ ಒಂದೇ ದಿನಕ್ಕೆ ಸರಿ, ಎರಡನೇ ದಿನಕ್ಕೆ ಬರಲ್ಲ. ಪ್ಯಾಂಟು ಎರಡು ದಿನ ತಡೆಯುತ್ತೆ. ಕಾಟನ್ ಸೀರೆಯನ್ನ ಸಂಜೆ ಗಾಳಿಗೆ ಹರವಿದರೆ ಇನ್ನೊಂದು ಸಲ ಉಡಬಹುದು, ಬ್ಲೌಸ್ ಮಾತ್ರ ಆಗಲ್ಲ. ಅದಕ್ಕೇ ಬ್ಲೌಸ್ ಲೆಕ್ಕದಲ್ಲಿ ಜಿಪುಣತನ ಬೇಡ.

ಬಣ್ಣದ ವಿಷಯಕ್ಕೆ ಬಂದರೆ, ನೆಟ್ಟಿನ ಪಟ್ಟಿಗಳು ‘ಕಪ್ಪು ಎಲ್ಲದಕ್ಕೂ ಹೊಂದುತ್ತೆ’ ಅನ್ನುತ್ತವೆ. ಇಲ್ಲಿ ಕಪ್ಪು, ಕಡುನೀಲಿ ಎರಡೂ ಕೈಕೊಡುತ್ತವೆ. ಬೆವರು ಬೇಗ ಆರಿ ಉಪ್ಪು ಉಳಿಯೋದರಿಂದ ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲೆ, ಕಂಕುಳ ಸುತ್ತ ಬಿಳೀ ಗೆರೆ ಮೂಡಿರುತ್ತೆ. ಸ್ಕೂಟರಿನ ಧೂಳೂ ಅದರ ಮೇಲೆಯೇ ಎದ್ದು ಕಾಣೋದು. ಬಿಳಿಯದು ಇನ್ನೊಂದು ಕಥೆ, ಬೋರ್ ನೀರಿಗೆ ಮಾಸುತ್ತೆ. ತಿಳಿ ಬೂದು, ಆಕಾಶನೀಲಿ ಸಾದಾ ಬಟ್ಟೆಯಲ್ಲಿ ಬೆವರಿನ ಒದ್ದೆ ದೊಡ್ಡದಾಗಿ ಕಾಣುತ್ತೆ. ಉಳಿಯೋದು ನಡುವಿನ ಬಣ್ಣಗಳು: ಗೋಧಿ, ಇಟ್ಟಿಗೆ, ಸಾಸಿವೆ, ಎಲೆಹಸಿರು, ನವಿಲುನೀಲಿ. ಸಣ್ಣ ಚೌಕಳಿ ಅಥವಾ ಸಣ್ಣ ಅಚ್ಚು ಇದ್ದರೆ ಧೂಳು, ಬೆವರು ಎರಡೂ ಅದರೊಳಗೆ ಅಡಗುತ್ತವೆ. ಪ್ಯಾಂಟು, ವೇಲುಗಳನ್ನ ಸಾದಾ ಇಟ್ಟುಕೊಂಡು ಕುರ್ತಾ ಮಾತ್ರ ಅಚ್ಚಿನದು ಮಾಡಿಕೊಳ್ಳಿ, ಹೊಂದಿಸೋದು ತಾನಾಗಿ ಆಗುತ್ತೆ.

ನಿಮ್ಮ ಪಾಲಿಗೆ ನನ್ನ ಲೆಕ್ಕ: ಕುರ್ತಾ 6, ಹತ್ತಿ ಪ್ಯಾಂಟು 3, ಲೆಗ್ಗಿಂಗ್ಸ್ 1, ವೇಲು 3, ದಿನದ ಸೀರೆ 6, ಬ್ಲೌಸ್ 5, ಲಂಗ 3, ಫಂಕ್ಷನ್ ಸೀರೆ 2, ತೆಳು ಸ್ವೆಟರ್ 1, ರೈನ್‌ಕೋಟ್ 1. ಒಟ್ಟು 31. ಫಂಕ್ಷನ್ ಸೀರೆಯ ಬ್ಲೌಸುಗಳನ್ನ ಸೀರೆ ಜೊತೆಗೇ ಎಣಿಸಿದ್ದು. ನೈಟಿ, ಒಳಬಟ್ಟೆ ಲೆಕ್ಕಕ್ಕಿಲ್ಲ. ಕಾಲೇಜಿನಲ್ಲಿ ದಿನಾ ಸೀರೆಯೇ ಆಗಬೇಕು ಅಂದರೆ ಎರಡು ಕುರ್ತಾ ಬಿಟ್ಟು ಎರಡು ಸೀರೆ ಸೇರಿಸಿ. ಹೋಗಿ ನೋಡದೆ ಇದನ್ನ ತೀರ್ಮಾನಿಸಬೇಡಿ.

ದಿನದ ಆರು ಸೀರೆಯಲ್ಲಿ ಎರಡು ಇಳಕಲ್ ಇರಲಿ. ಅಂಚು ಹೆಚ್ಚಾಗಿ ಕೆಂಪು ಬಳಗದ್ದು, ಹಾಗಾಗಿ ಒಂದು ಕೆಂಪು ಖಣದ (ಕುಪ್ಪಸಕ್ಕೆಂದೇ ನೇಯೋ ಬಟ್ಟೆ) ಬ್ಲೌಸ್ ಎರಡಕ್ಕೂ ಸಾಗುತ್ತೆ. ಇಳಕಲ್‌ನಲ್ಲಿ ಸೆರಗಿನ ಹಾಸುದಾರವನ್ನ ಒಡಲಿನ ಹಾಸುದಾರಕ್ಕೆ ಕೊಂಡಿ ಹಾಕಿ ಜೋಡಿಸಿರ್ತಾರೆ. ಆ ಕೂಡುಗೆರೆಯ ಮೇಲೆ ಪಿನ್ ಚುಚ್ಚಬೇಡಿ, ಬಿಡೋಕೆ ಶುರುವಾಗೋದೇ ಅಲ್ಲಿಂದ. ಒಡಲಿಗೆ ಹತ್ತಿಯದು, ಹತ್ತಿ–ಕೃತಕ ರೇಷ್ಮೆ ಬೆರೆತದ್ದು, ಪೂರ್ತಿ ರೇಷ್ಮೆಯದು ಮೂರೂ ಬರುತ್ತವೆ. ದಿನಬಳಕೆಗೆ ಹತ್ತಿಯದೇ ಕೇಳಿ.

ಉತ್ತರ: ಅಡ್ಡಪಂಚೆ

ಸರ್‌ದು ನಾನು ಹೇಳ್ತೀನಿ ತಗಳ್ರಿ. ಗಂಡಸರ್ದು ಬಾಳ ಸುಲಭ ಐತೆ.

ಆಫೀಸ್ ಶರ್ಟ್ 7, ಪ್ಯಾಂಟ್ 4, ಜೀನ್ಸ್ 1, ಟೀ ಶರ್ಟ್ 3, ಮನೇಲಿ ಉಡಾಕೆ ಲುಂಗಿ ಇಲ್ಲ ಟ್ರ್ಯಾಕ್ 3, ಬಿಳೀ ಪಂಚೆ, ಶಲ್ಯ, ಬಿಳೀ ಶರ್ಟ್ ಸೇರಿ 3, ಫಂಕ್ಷನ್ ಶರ್ಟ್ 1, ಜರ್ಕಿನ್ 1, ಅರ್ಧ ತೋಳಿನ ಸ್ವೆಟರ್ 1. 24ಕ್ಕೆ ಮುಗೀತು. ಮಿಕ್ಕ ಜಾಗ ಮೇಡಮ್‌ಗೆ ಬಿಡ್ರಿ, ಹೆಂಗಿದ್ರೂ ತುಂಬ್ತೈತೆ.

ಶರ್ಟಿಗೆ ಪೂರಾ ಹತ್ತಿ ಪಾಪ್ಲಿನ್, 100ರಿಂದ 120 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗ್ತೈತೆ ಅನ್ನೋ ಲೆಕ್ಕ). ಅದಕ್ಕಿಂತ ತೆಳ್ಳಗಾದ್ರೆ ಬನಿಯನ್ ಕಾಣ್ತೈತೆ, 140 ದಾಟಿದ್ರೆ ಮೇ ತಿಂಗ್ಳಲ್ಲಿ ಕುದೀತೈತೆ. ಬ್ಯಾಂಕಂದ್ರೆ ತುಂಬುತೋಳೇ ಹೊಲಿಸ್ರಿ. ಸ್ಕೂಟರ್ ಮ್ಯಾಲೆ ಕೈ ಸುಡಲ್ಲ, ಒಳಗೆ ಬಂದ್ಮ್ಯಾಲೆ ಮಡಚಿದ್ರಾತು. ಪ್ಯಾಂಟಿಗೆ ಮಾತ್ರ ಪೂರಾ ಹತ್ತಿ ಹಟ ಬ್ಯಾಡ. ನಾಲ್ಕರಲ್ಲಿ ಎರಡು ಹತ್ತಿ, ಎರಡು ಪಾಲಿ-ವಿಸ್ಕೋಸ್ (ಪಾಲಿಯೆಸ್ಟರ್, ರೇಯಾನ್ ಬೆರೆತದ್ದು) ಸೂಟಿಂಗ್ ಇರ್ಲಿ. ಕೌಂಟರಲ್ಲಿ ದಿನಾ ಕುಂತ್ರೆ ಹತ್ತಿ ಪ್ಯಾಂಟು ಮಂಡಿ ಹತ್ರ ಜೋಲು ಬೀಳ್ತೈತೆ, ಸೂಟಿಂಗ್ ಪ್ಯಾಂಟಿನ ಇಸ್ತ್ರಿ ಗೆರೆ ಸಂಜೆ ತನ್ಕ ನಿಲ್ತೈತೆ. ಬಣ್ಣ: ಬೂದು, ಗೋಧಿ, ಕಂದು, ಒಂದು ನೀಲಿ. ಏಳು ಶರ್ಟನ್ನೂ ನಾಲ್ಕು ಪ್ಯಾಂಟಿನ ಪಕ್ಕ ಹಿಡಿದು ನೋಡಿ ತಗಳ್ರಿ, ಒಂದಕ್ಕೂ ಹೊಂದ್ಲಿಲ್ಲ ಅಂದ್ರೆ ಅದು ಬ್ಯಾಡ.

ಲಿನೆನ್ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ. ತಂಪು ಹೌದು. ಆದ್ರೆ ಸುಕ್ಕು ನೋಡಿ ‘ಇಸ್ತ್ರಿ ಮಾಡ್ಸಿಲ್ವಾ ಸರ್’ ಅಂತ ಕೇಳೋ ಊರು ಇದು. ಹತ್ತಿ-ಲಿನೆನ್ ಬೆರೆತದ್ದು ಒಂದು ಸಾಕು, ಭಾನುವಾರಕ್ಕೆ.

ಇನ್ನು ಪಂಚೆ. ಸರ್‌ಗೆ ಕರಾವಳಿ ಕಡೆ ಮುಂಡು ರೂಢಿ ಇರ್ತೈತೆ. ಇಲ್ಲಿ ಗೃಹಪ್ರವೇಶ, ಮಠದ ಕಾರ್ಯಕ್ರಮ, ಮದುವೆ ಮುಹೂರ್ತ ಎಲ್ಲಕ್ಕೂ ಬಿಳೀ ಪಂಚೆ ಬಿಳೀ ಶರ್ಟು ನಡೀತೈತೆ, ಯಾರೂ ಬೆರಳು ಮಾಡಲ್ಲ. ಆದ್ರೆ ಬ್ಯಾಂಕಿಗೆ ಬರೋ ದೊಡ್ಡ ರೈತರು, ಮಂಡಿ ವ್ಯಾಪಾರಸ್ಥರ ಪಂಚೆ ಎಷ್ಟು ಶುಭ್ರ ಇರ್ತೈತೆ ಅಂತ ಒಂದ್ಸಲ ಗಮನಿಸ್ರಿ. ಮಾಸಿದ ಪಂಚೆ ಉಡೋದಕ್ಕಿಂತ ಚೆಂದನೆ ಪ್ಯಾಂಟು ವಾಸಿ.

ಹಳೇ ಜೊತೆ ಒಂದು ಎಸೀದೆ ಇಟ್ಕಳ್ರಿ. ಹೋಳಿ ಹಬ್ಬಕ್ಕೆ ಬಣ್ಣ ಆಡಾಕೆ ರಾಂ ಅಂಡ್ ಕೋ ವೃತ್ತದ ಕಡೆ ಹೋಗೋ ಹಂಗಿದ್ರೆ ಅದೇ ಬೇಕಾಗೋದು.

ಉತ್ತರ: ಕತ್ತರಿಕಾಜಾ

ಮೇಲಿನವರು ರೆಡಿಮೇಡ್ ಬಗ್ಗೆ ಹೇಳಿಲ್ಲ, ಒಳ್ಳೇದೇ ಆಯ್ತು. ಕಡಿಮೆ ಬಟ್ಟೆ ಇಟ್ಟುಕೊಳ್ಳೋರಿಗೆ ಹೊಲಿಸೋದೇ ಲಾಭ, ಯಾಕಂದರೆ ಒಂದೊಂದೂ ಮೈಗೆ ಸರಿಯಾಗಿ ಕೂರಬೇಕು, ಮುಂದೆ ಬಿಚ್ಚಿ ಹಿಗ್ಗಿಸೋ ಹಾಗಿರಬೇಕು. ಮಂಡಿಪೇಟೆ, ಚೌಕಿಪೇಟೆ ಕಡೆಯ ಜವಳಿ ಅಂಗಡಿಗಳಲ್ಲಿ ತಾನಿನಿಂದ (ಬಟ್ಟೆಯ ಸುರುಳಿ) ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಗಿರಣಿ ಹೋದರೂ ಬಟ್ಟೆ ವ್ಯಾಪಾರ ಉಳಿದಿದೆ.

ಅಳತೆ ಗೊತ್ತಿಲ್ಲದೆ ಹೋದರೆ ಅರ್ಧ ಮೀಟರ್ ಹೆಚ್ಚೇ ತಲೆಗೆ ಕಟ್ಟುತ್ತಾರೆ. ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಿ. ಮಧ್ಯಮ ಮೈಕಟ್ಟಿಗೆ 58 ಇಂಚು ಪನ್ನದಲ್ಲಿ ತುಂಬುತೋಳಿನ ಶರ್ಟಿಗೆ 1.60 ಮೀಟರ್, 36 ಇಂಚು ಪನ್ನ ಆದರೆ 2.25ರಿಂದ 2.50. ಪ್ಯಾಂಟಿಗೆ 58 ಇಂಚಿನಲ್ಲಿ 1.20–1.30. ಮಂಡಿ ಮುಟ್ಟೋ, ಮುಕ್ಕಾಲು ತೋಳಿನ ಕುರ್ತಾಕ್ಕೆ 44 ಇಂಚಿನಲ್ಲಿ 2.50. ಬ್ಲೌಸಿಗೆ 80 ಸೆಂ.ಮೀ., ಮೊಣಕೈ ತನಕ ತೋಳು ಬೇಕಾದರೆ 1 ಮೀಟರ್. ಚೌಕಳಿ ದೊಡ್ಡದಿದ್ದರೆ ಜೋಡಿಸೋಕೆ 15–20 ಸೆಂ.ಮೀ. ಜಾಸ್ತಿ ಹಿಡಿಯಿರಿ.

ಎಲ್ಲಕ್ಕಿಂತ ಮುಖ್ಯ: ಹೊಲಿಗೆಗೆ ಕೊಡೋ ಮುಂಚೆ ನೆನೆಸಿ ಕುಗ್ಗಿಸಿ. ಬಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ 25 ಸೆಂ.ಮೀ. ಚೌಕ ಬರೆದು, ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. ಉದ್ದ 24 ಆಗಿದ್ದರೆ ಶೇ 4 ಕುಗ್ಗಿದೆ ಅಂತ. ಕುಗ್ಗಿಸದೆ ಹೊಲಿದ 45 ಇಂಚಿನ ಕುರ್ತಾ ಮೊದಲ ಒಗೆತಕ್ಕೆ ಹತ್ತಿರ ಹತ್ತಿರ 2 ಇಂಚು ಮೇಲೆ ಹೋಗುತ್ತೆ. ರೇಯಾನ್ ಇದಕ್ಕಿಂತ ಜಾಸ್ತಿ.

ಬ್ಲೌಸ್ ಕೆಡೋದು ಲೈನಿಂಗಿನಿಂದ. ಮೇಲಿನ ಬಟ್ಟೆ ರೇಷ್ಮೆ, ಒಳಗಿನ ಹತ್ತಿ ಲೈನಿಂಗ್ ನೆನೆಸಿಲ್ಲ ಅಂದರೆ, ಒಂದೆರಡು ಸಲ ಬೆವರು ಕುಡಿದ ಮೇಲೆ ಒಳಗಿನದು ಕುಗ್ಗಿ ಮೇಲಿನದು ಗುಳ್ಳೆ ಗುಳ್ಳೆ ನಿಲ್ಲುತ್ತೆ, ಕಂಕುಳು ಬಿಗಿಯಾಗುತ್ತೆ. ಇದನ್ನ ತಪ್ಪಿಸೋಕೆ ಅಂತ ಕೆಲವರು ಕ್ರೇಪ್ ಲೈನಿಂಗ್ ಹಾಕ್ತಾರೆ. ಅದು ಕುಗ್ಗಲ್ಲ ನಿಜ, ಆದರೆ ಪಾಲಿಯೆಸ್ಟರ್. ಮದುವೆ ಮಂಟಪದಲ್ಲಿ ‘ರೇಷ್ಮೆ ಸೀರೆ ಸೆಖೆ’ ಅಂತ ಬೈಸಿಕೊಳ್ಳೋದು ಸೀರೆ, ಆದರೆ ಅರ್ಧ ತಪ್ಪು ಈ ಲೈನಿಂಗಿನದು. ನೆನೆಸಿದ ವಾಯಿಲ್ ಹತ್ತಿ ಲೈನಿಂಗೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಪಕ್ಕದ ಹೊಲಿಗೆ ಒಳಗೆ ಎರಡೂ ಕಡೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ಬೇಸಿಗೆ ಬ್ಲೌಸಿಗೆ ಕಂಕುಳ ಸುತ್ತು ಮಾಮೂಲಿಗಿಂತ ಅರ್ಧ ಇಂಚು ಸಡಿಲ. ದಿನದ ಬ್ಲೌಸಿಗೆ ಮ್ಯಾಚಿಂಗ್ ಸೆಂಟರಿನ ಟೂ ಬೈ ಟೂ ರುಬಿಯಾ (ಬ್ಲೌಸಿಗೆಂದೇ ಬರೋ ಹತ್ತಿ ಬಟ್ಟೆ) ಸಾಕು, ಲೈನಿಂಗೇ ಬೇಡ.

ಸೀರೆ ಫಾಲ್ ಕೂಡ ಹಾಗೆಯೇ. ಹೊಸ ಫಾಲ್ ನೆನೆಸದೆ ಹಚ್ಚಿದರೆ ಕೆಳ ಅಂಚು ಜಾಲರಿ ಬಿಟ್ಟ ಹಾಗೆ ಸುಕ್ಕುಗಟ್ಟುತ್ತೆ, ಇಸ್ತ್ರಿಗೂ ಬಗ್ಗಲ್ಲ. ಬಿಚ್ಚಿ ಮತ್ತೆ ಹಚ್ಚೋದೊಂದೇ ದಾರಿ.

ಸ್ಕೂಟರ್ ಅಂದಿರಿ. ಕುರ್ತಾದ ಪಕ್ಕದ ಸೀಳು ಸೊಂಟದಿಂದ ನಾಲ್ಕು ಬೆರಳು ಕೆಳಗಿಂದ ಶುರುವಾಗಲಿ, ಇಲ್ಲಾಂದರೆ ಕೂತಾಗ ಸೀಳಿನ ತುದಿ ಹರಿಯುತ್ತೆ. ಆ ತುದಿಗೆ ಒಳಗಿಂದ ಒಂದು ತುಂಡು ಪಟ್ಟಿ ಕೊಡಿಸಿ. ವೇಲು ಎರಡೂವರೆ ಮೀಟರಿನದು ಬೇಡ, ಎರಡು ಮೀಟರ್ ಸಾಕು. ತುದಿ ಎರಡನ್ನೂ ಸೊಂಟದ ಹತ್ತಿರ ಗಂಟು ಹಾಕಿಯೇ ಗಾಡಿ ಹತ್ತಿ. ಹಿಂದಿನ ಚಕ್ರಕ್ಕೆ ಸಿಕ್ಕಿದ ವೇಲು ಕುತ್ತಿಗೆಗೇ ಬರೋದು.

ಉತ್ತರ: ಜೋಗಿಮಟ್ಟಿ

ಚಿತ್ರದುರ್ಗದ ಕಡೆಗೆ ವರ್ಗ ಆಗಿ ಬರೋರೂ ಇದನ್ನ ಓದ್ತಾರೆ ಅಂತ ಒಂದಿಷ್ಟು ಸೇರಿಸ್ತೀನಿ. ದೂರ ಅರವತ್ತು ಕಿಲೋಮೀಟರ್ ಅಷ್ಟೆ, ಆದರೆ ದುರ್ಗ ಇನ್ನೂ ನೂರು ಮೀಟರಿಗೂ ಎತ್ತರದಲ್ಲಿದೆ, ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಬೀಸೋ ಗಾಳಿಗೆ ಜಾರ್ಜೆಟ್, ಶಿಫಾನ್ ಸೀರೆ ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲೋದು ಕಷ್ಟ. ಅಂಚು ಭಾರ ಇರೋ ಕಾಟನ್ ಸೀರೆ ತಾನಾಗಿ ಕೆಳಗೆ ಕೂರುತ್ತೆ. ನೆರಿಗೆಗೆ ಪಿನ್ ಹೊರಗಿಂದ ಬೇಡ. ನೆರಿಗೆ ಸಿಕ್ಕಿಸೋ ಜಾಗದಿಂದ ಒಂದು ಗೇಣು ಕೆಳಗೆ ಒಳಗಿನ ಮಡಿಕೆಗಳನ್ನ ಮಾತ್ರ ಸೇರಿಸಿ ಹಾಕಿ. ಕುರ್ತಾದಲ್ಲಿ ಘೇರು ಬೇಡ, ನೇರ ಕಟ್ ಇರಲಿ. ಕೆಳ ಮಡಿಕೆ ಒಂದೂವರೆ ಇಂಚು ಕೊಟ್ಟರೆ ಆ ಭಾರಕ್ಕೆ ಹಾರಲ್ಲ.

ಛತ್ರಿ ಇಲ್ಲಿ ಹೆಸರಿಗೆ ಮಾತ್ರ, ಗಾಳಿಗೆ ಮಗುಚುತ್ತೆ. ಪ್ಯಾಂಟು–ಮೇಲಂಗಿ ಬೇರೆಬೇರೆ ಇರೋ ರೈನ್‌ಕೋಟೇ ಸರಿ. ಘಟ್ಟದಕೆಳಗೆ ಮೇಡಂ, ನಿಮ್ಮಲ್ಲಿ ಮಳೆಗಾಲದ ಚಪ್ಪಲಿ, ಛತ್ರಿ ಎಷ್ಟಿವೆಯೋ ಅದರಲ್ಲಿ ಕಾಲುಭಾಗ ತಂದರೂ ಹೆಚ್ಚೇ. ಈ ಕಡೆ ಮಳೆ ಅಂದರೆ ಮೇ ತಿಂಗಳ ಸಂಜೆ ಗುಡುಗು ಮಳೆ, ಜೂನ್–ಜುಲೈನಲ್ಲಿ ತುಂತುರು, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು. ದಿನವಿಡೀ ಸುರಿಯೋದು ಅಪರೂಪ.

ಚಳಿಗೆ ಉಣ್ಣೆ ಸ್ವೆಟರ್ ಒಂದೇ ಆದರೆ ಗಾಳಿ ಅದರೊಳಗಿಂದ ನುಗ್ಗುತ್ತೆ. ತೆಳು ಸ್ವೆಟರ್, ಮೇಲೆ ಜರ್ಕಿನ್. ಡಿಸೆಂಬರ್–ಜನವರಿಯ ಬೆಳಗಿನ ಹದಿನೈದು ಡಿಗ್ರಿಗೆ ಅಷ್ಟು ಸಾಕು, ಹತ್ತು ಗಂಟೆಗೆ ಬಿಚ್ಚಿ ಡಿಕ್ಕಿಗೆ ಹಾಕೋದೇ. ದಪ್ಪನೆಯದು ತಗೊಂಡರೆ ಬೀರುವಿನ ಅರ್ಧ ಖಾನೆ ಅದೇ ನುಂಗುತ್ತೆ.

ರೇಷ್ಮೆ ಬೇಕಾದರೆ ಮೊಳಕಾಲ್ಮೂರು ನಮ್ಮ ಜಿಲ್ಲೆಯದೇ. ದೂರದ ಊರಿನ ಹೆಸರು ಹೇಳಿ ಮಾರೋ ಸೀರೆಗೆ ದುಡ್ಡು ಸುರಿಯೋ ಮುಂಚೆ ಒಮ್ಮೆ ಹೋಗಿ ನೋಡಿ.

ಘಟ್ಟದಕೆಳಗೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ವಿಷಯ ಬಾಕಿ. ಫಂಕ್ಷನ್ನಿಗೆ ಎರಡೇ ಸೀರೆ ಅಂದರೆ ಸಾಕಾಗುತ್ತಾ? ಅದೇ ಮಂದಿ, ಅದೇ ಮಂಟಪ ಅಂತ ಕೇಳಿದ್ದೇನೆ. ಇನ್ನೊಂದು, ಬೋರ್ ನೀರಿಗೆ ಬಿಳಿ ಮಾಸೋದು ಅಂದಿರಿ. ಅದಕ್ಕೆ ಏನು ಮಾಡೋದು?

ಉತ್ತರ: ಖಾಲಿದೋಸೆ

ಎರಡು ಸಾಕು, ಆದರೆ ಎರಡೂ ಬೇರೆ ತೂಕದ್ದಿರಬೇಕು. ಒಂದು ಭಾರದ ಜರಿಯದು, ಹತ್ತಿರದವರ ಮುಹೂರ್ತಕ್ಕೆ. ಇನ್ನೊಂದು ಹಗುರ ರೇಷ್ಮೆ, ಸಣ್ಣ ಅಂಚಿನದು, ಆರತಕ್ಷತೆ, ನಾಮಕರಣ, ಸಹೋದ್ಯೋಗಿಗಳ ಮನೆಗೆ. ಒಂದೊಂದಕ್ಕೂ ಎರಡು ಬ್ಲೌಸ್ ಹೊಲಿಸಿ: ಒಂದು ಅಂಚಿನ ಬಣ್ಣದ್ದು, ಇನ್ನೊಂದು ಪೂರ್ತಿ ಎದುರು ಬಣ್ಣದ್ದು. ಮೊಣಕೈ ತನಕ ಬರೋ ತೋಳು, ಎದುರು ಬಣ್ಣ ಇದ್ದರೆ ಫೋಟೋದಲ್ಲಿ ಬೇರೆ ಸೀರೆ ಥರವೇ ಕಾಣುತ್ತೆ. ‘ಅದೇ ಸೀರೆನಾ’ ಅಂತ ಕೇಳೋರು ಎಲ್ಲಿದ್ದರೂ ಕೇಳ್ತಾರೆ, ಅವರಿಗಾಗಿ ಬೀರು ದೊಡ್ಡದು ಮಾಡೋಕೆ ಆಗಲ್ಲ.

ಸಾವಿನ ಮನೆಗೆ ಹೋಗೋಕೆ ಒಂದು ಸಾದಾ, ಜರಿ ಇಲ್ಲದ, ತಿಳಿ ಬಣ್ಣದ ಕಾಟನ್ ಸೀರೆ ದಿನದ ಆರರಲ್ಲೇ ಇರಲಿ. ಹೊತ್ತಿಗೆ ಹುಡುಕೋ ಹಾಗಾಗಬಾರದು.

ನಿಜವಾದ ತೊಂದರೆ ಬೇರೆ ಇದೆ. ಇಲ್ಲಿ ಯಾರ ಮನೆಗೆ ಹೋದರೂ ಉಡಿ ತುಂಬಿ ಬ್ಲೌಸ್ ಪೀಸ್ ಕೊಡ್ತಾರೆ, ಮದುವೆಗಳಲ್ಲಿ ಸೀರೆ, ಗಂಡಸರಿಗೆ ಶರ್ಟ್ ಪೀಸ್, ಟವೆಲ್. ಬೇಡ ಅನ್ನೋ ಹಾಗಿಲ್ಲ. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ ಹೊತ್ತಿಗೆ ನೆಂಟರ ಮನೆಯಿಂದ ಮನೆಗೆ ಈ ಪೀಸುಗಳದೇ ಓಡಾಟ. ಕ್ಯಾಪ್ಸೂಲ್ ಬಾಯಿ ಬಿಡೋದು ಇಲ್ಲೇ. ಬೀರುವಿನಲ್ಲಿ ಒಂದು ಚೀಲ ಅದಕ್ಕೆಂದೇ ಇಡಿ. ಬಂದ ದಿನವೇ ಮೂಲೆಯಲ್ಲಿ ಒಂದು ದಾರ ಎಳೆದು ಸುಟ್ಟು ನೋಡಿ. ಹತ್ತಿಯಾಗಿದ್ದು ನಿಮ್ಮ ಬಣ್ಣಗಳಿಗೆ ಹೊಂದಿದರೆ ಹೊಲಿಗೆಗೆ, ಇಲ್ಲದಿದ್ದರೆ ಮುಂದಿನ ಉಡಿಗೆ ನೀವೇ ಕೊಡೋಕೆ. ಹೊಲಿಸಿದ್ದಕ್ಕೆ ಬದಲು ಹಳೇದೊಂದು ಹೊರಗೆ ಹೋಗಲೇಬೇಕು.

ರೇಷ್ಮೆಯನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಜರಿ ಮುರಿಯೋದು ಒಂದೇ ಗೆರೆಯಲ್ಲಿ ಮಡಚಿಟ್ಟಾಗ. ನುಸಿ ಗುಳಿಗೆ ಜರಿಗೆ ತಾಗದ ಹಾಗೆ ಬೇರೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ.

ಉತ್ತರ: ನೀಲಿಸೋಪು

ನೀರಿನ ಪ್ರಶ್ನೆಗೆ. ಬೋರ್ ನೀರು ಗಡಸು. ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಷ್ಟು ಆಗುತ್ತೆ, ಎಳೆಗಳ ನಡುವೆ ಕೂರುತ್ತೆ. ಬಿಳಿ ಬೂದಾಗೋದು, ಟವೆಲ್ ತಗಡಾಗೋದು ಅದರಿಂದಲೇ. ಮಾಸಿತು ಅಂತ ಇನ್ನಷ್ಟು ಸೋಪು ಉಜ್ಜಿದರೆ ಇನ್ನಷ್ಟು ಗಷ್ಟು. ಬಟ್ಟೆ ಸೋಪಿನ ಬಿಲ್ಲೆ ಕಾಲರ್, ಕಫ್‌ಗೆ ಮಾತ್ರ ಇರಲಿ, ಒಗೆಯೋಕೆ ಡಿಟರ್ಜೆಂಟ್ ಪುಡಿ ಅಥವಾ ದ್ರವ. ಹದಿನೈದು ದಿನಕ್ಕೊಮ್ಮೆ ಬಿಳಿ ಬಟ್ಟೆಯ ಕೊನೆಯ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ: 10–12 ಲೀಟರ್ ಬಕೆಟಿಗೆ ಒಂದು ಟೀ ಚಮಚ, ಐದು ನಿಮಿಷ ಅದ್ದಿ, ಮತ್ತೆ ಒಳ್ಳೇ ನೀರಲ್ಲಿ ಜಾಲಿಸಿ. ಇದನ್ನ ಬ್ಲೀಚ್ ಜೊತೆ ಎಂದೂ ಬೆರೆಸಬಾರದು, ವಿಷದ ಗಾಳಿ ಏಳುತ್ತೆ. ನಲ್ಲಿ ನೀರು ಬಂದ ದಿನ ಬಿಳಿಯದನ್ನ ಅದರಲ್ಲೇ ಒಗೆದು, ಬಣ್ಣದ್ದನ್ನ ಬೋರ್ ನೀರಿಗೆ ಬಿಟ್ಟರೆ ಅರ್ಧ ಕೆಲಸ ಕಮ್ಮಿ.

ಕೆಂಪು ಮಣ್ಣಿನ ಕಲೆಗೆ ನೀರು ಹಾಕಿ ಉಜ್ಜಬೇಡಿ. ಪೂರ್ತಿ ಒಣಗಲಿ, ಬ್ರಷ್‌ನಲ್ಲಿ ಕೊಡವಿ, ಆಮೇಲೆ ಡಿಟರ್ಜೆಂಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ. ಬ್ಲೀಚ್ ಹಾಕಿದರೆ ಮಣ್ಣಿನ ಕಬ್ಬಿಣದ ಅಂಶ ಅಲ್ಲೇ ಕಚ್ಚಿ ಕಲೆ ಕಾಯಂ ಆಗುತ್ತೆ.

ಬೆಣ್ಣೆ ಕಲೆ ಈ ಊರಲ್ಲಿ ಬಿಟ್ಟಿದ್ದಲ್ಲ. ದೋಸೆಯಿಂದ ತೊಟ್ಟಿಕ್ಕಿದ ಕೂಡಲೇ ಒದ್ದೆ ಕೈಯಲ್ಲಿ ಒರೆಸೋದೇ ಎಲ್ಲರೂ ಮಾಡೋ ತಪ್ಪು, ಹರಡುತ್ತೆ. ಒಣ ಕಾಗದದಿಂದ ಒತ್ತಿ. ಮನೆಗೆ ಬಂದು ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ಕಾಲು ಗಂಟೆ ಬಿಟ್ಟು ಕೊಡವಿ. ನಂತರ ನೀರು ಸೋಕಿಸದೆ ಪಾತ್ರೆ ತೊಳೆಯೋ ದ್ರವ ಎರಡು ಹನಿ ಹಾಕಿ ಬೆರಳಲ್ಲಿ ತಿಕ್ಕಿ, ಆಮೇಲೆ ಒಗೆಯಿರಿ. ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಬೇಡ, ಬಿಸಿಗೆ ಜಿಡ್ಡು ಕೂತುಬಿಡುತ್ತೆ. ರೇಷ್ಮೆ ಆದರೆ ಪೌಡರಿನ ತನಕ ನೀವು, ಮುಂದಿನದು ಡ್ರೈಕ್ಲೀನಿನವರು.

ಒಣಹಾಕೋವಾಗ ಒಳಮುಖ ಹೊರಗೆ ಮಾಡಿ, ಬೇಸಿಗೆಯಲ್ಲಿ ನೆರಳಲ್ಲಿ. ಹೆಗಲ ಮೇಲೆ ಬಣ್ಣ ಹೋದ ಕುರ್ತಾಗಳಿಗೆ ಮಾಳಿಗೆಯ ತಂತಿಯೇ ಕಾರಣ.

ಗಂಜಿ ಬಗ್ಗೆ: ಕಾಟನ್ ಸೀರೆ, ಪಂಚೆಗೆ ಇಲ್ಲಿ ದಟ್ಟ ಗಂಜಿ ಹಾಕೋ ಚಟ ಇದೆ. ಬೇಸಿಗೆಗೆ ಅದು ತಪ್ಪು, ನೇಯ್ಗೆಯ ಕಂಡಿ ಮುಚ್ಚಿ ಗಾಳಿ ಆಡಲ್ಲ.

ಉತ್ತರ: ಅಡ್ಡಪಂಚೆ

ಗಂಜಿ ಪೂರಾ ಬಿಡಂಗಿಲ್ರಿ. ಗಂಜಿ ಇದ್ರೆ ಧೂಳು ಎಳೆಗೆ ಹತ್ತದೆ ಗಂಜಿಗೆ ಹತ್ತತೈತೆ, ನೀರಿಗೆ ಹಾಕಿದ್ ತಕ್ಷಣ ಎರಡೂ ಒಟ್ಟಿಗೆ ಬಿಡ್ತಾವೆ. ಗಂಜಿ ಇಲ್ದ ಪಂಚೆ ಎಷ್ಟು ತಿಕ್ಕಿದ್ರೂ ಕೆಳಗಿನ ಅಂಚು ಕೆಂಪಗೇ ಉಳೀತೈತೆ. ಸಬ್ಬಕ್ಕಿ ಗಂಜಿ ತೆಳ್ಳಗೆ, ಲೀಟರಿಗೆ ಒಂದು ಚಮಚ ಲೆಕ್ಕ, ಚೆನ್ನಾಗಿ ಸೋಸಿ. ಮಳೆಗಾಲದಲ್ಲಿ ಗಂಜಿ ಹಾಕಿದ್ದನ್ನ ಬೀರುವಿನಲ್ಲಿ ಬಾಳ ದಿನ ಇಡಬ್ಯಾಡ್ರಿ, ಬೂಷ್ಟು ಹಿಡೀತೈತೆ.

ಉತ್ತರ: ನೀಲಿಸೋಪು

ತೆಳ್ಳಗೆ ಅಂದರೆ ಒಪ್ಪಿದೆ. ಕುರ್ತಾ, ಬ್ಲೌಸಿಗೆ ಮಾತ್ರ ಬೇಡವೇ ಬೇಡ, ಕಂಕುಳಲ್ಲಿ ಉಜ್ಜಿ ಕೆಂಪಗಾಗುತ್ತೆ.

ಘಟ್ಟದಕೆಳಗೆ

ಹಾಗಾದರೆ ಬರೋ ಮುಂಚೆ ಏನೂ ಕೊಳ್ಳದೆ, ಬಂದ ಮೇಲೆ ಹೊಲಿಸೋದು ಸರಿಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕತ್ತರಿಕಾಜಾ

ಹೌದು, ಜೂನ್‌ನಲ್ಲಿ ಬರೋದು ಅನುಕೂಲವೇ ಆಯ್ತು. ಇರೋ ರೇಯಾನ್, ಮಿಶ್ರಣ ಎಲ್ಲ ಜೂನ್‌ನಿಂದ ಜನವರಿ ತನಕ ಆರಾಮಾಗಿ ನಡೆಯುತ್ತೆ. ಮೊದಲು ಮೂರು ಪ್ಯಾಂಟು, ಮೂರು ಲಂಗ. ಇವು ಸಾದಾ ಬಣ್ಣ, ಮಿಕ್ಕಿದ್ದೆಲ್ಲ ಇವುಗಳ ಮೇಲೆ ಕೂರಬೇಕು. ಆಮೇಲೆ ರುಬಿಯಾ ಬ್ಲೌಸುಗಳು. ಹತ್ತಿ ಕುರ್ತಾ ಬಟ್ಟೆಯನ್ನ ಡಿಸೆಂಬರ್ ಒಳಗೆ ತಗೊಂಡು ನೆನೆಸಿಟ್ಟು, ಜನವರಿ ಕೊನೆಗೆ ಹೊಲಿಗೆಗೆ ಕೊಡಿ. ಫೆಬ್ರುವರಿ ನಂತರ ಮದುವೆ ಬ್ಲೌಸುಗಳ ರಾಶಿ ಬಿದ್ದು ಯಾವ ಟೇಲರೂ ಹೇಳಿದ ದಿನಕ್ಕೆ ಕೊಡಲ್ಲ, ಕೊಟ್ಟರೂ ಅವಸರದಲ್ಲಿ ಒಳ ಮಾರ್ಜಿನ್ ಕತ್ತರಿಸಿ ಹಾಕಿರ್ತಾರೆ.

ಮೊದಲ ಸಲ ಹೊಸ ಟೇಲರ್ ಹತ್ತಿರ ಹೋದಾಗ ಐದೂ ಬ್ಲೌಸ್ ಒಟ್ಟಿಗೆ ಕೊಡಬೇಡಿ. ಒಂದು ಹೊಲಿಸಿ, ಎರಡು ಸಲ ಒಗೆದು ತೊಟ್ಟು ನೋಡಿ, ಆಮೇಲೆ ಮಿಕ್ಕ ನಾಲ್ಕು. ಅಳತೆಗೆ ಹಳೇ ಬ್ಲೌಸ್ ಕೊಡೋದಾದರೆ, ಚೆನ್ನಾಗಿ ಒಗೆದು ಕುಗ್ಗಿ ಮುಗಿದಿರೋದನ್ನೇ ಕೊಡಿ. ರೆಡಿಮೇಡ್ ಸ್ಟ್ರೆಚ್ ಬ್ಲೌಸ್ ಅಳತೆಗೆ ಬರಲ್ಲ, ಅದರ ಮೇಲಿಂದ ಹತ್ತಿ ಬ್ಲೌಸ್ ಕತ್ತರಿಸಿದರೆ ಕೈ ಎತ್ತೋಕೆ ಆಗಲ್ಲ.